ಅನ್‌ಪ್ರೆಸಿಡೆಂಟೆಡ್: ಒಂದು ಇಂಗ್ಲಿಷ್ ಪದಕ್ಕೆ ವೋಚರ್ ಕೇಳೋಣ ಬನ್ನಿ

ಭಾಗ 1/11

2020 ನೆನಪಿದೆಯಲ್ಲ? ನಾವೆಲ್ಲ ಹೈಸ್ಕೂಲು. ಮೊಬೈಲ್‌ನಲ್ಲೇ ಕ್ಲಾಸು, ಟಿವಿಯಲ್ಲಿ ದಿನಾ ಸಂಜೆ ಕೇಸ್‌ಗಳ ಲೆಕ್ಕ. ಆಗ ಇಂಗ್ಲಿಷ್ ನ್ಯೂಸ್ ಹಾಕಿದ್ರೆ ಒಂದು ಪದ ತಪ್ಪದೇ ಬರ್ತಿತ್ತು: ಅನ್‌ಪ್ರೆಸಿಡೆಂಟೆಡ್. ಮಂತ್ರಿಗಳು ಹೇಳಿದ್ರು, ಬ್ಯಾಂಕ್‌ಗಳು ಹೇಳಿದ್ವು, ಪಿಜ್ಜಾ ಕಂಪನಿಯ ಇಮೇಲ್ ಕೂಡ ‘ಈ ಅನ್‌ಪ್ರೆಸಿಡೆಂಟೆಡ್ ಕಾಲದಲ್ಲಿ ನಾವು ನಿಮ್ಮೊಂದಿಗಿದ್ದೇವೆ’ ಅಂತಲೇ ಶುರುವಾಗ್ತಿತ್ತು.

ಆ ವರ್ಷ ಡಿಕ್ಷನರಿ ಡಾಟ್ ಕಾಮ್‌ನವರು ಓದುಗರನ್ನ ಕೇಳಿದಾಗ, ಜನ ಆರಿಸಿದ ವರ್ಷದ ಪದ ಇದೇ. ಆಕ್ಸ್‌ಫರ್ಡ್ ನಿಘಂಟಿನವರಂತೂ ಈ ಸಲ ಒಂದೇ ಪದ ಆರಿಸೋಕೆ ಆಗಲ್ಲ ಅಂತ ಕೈಚೆಲ್ಲಿ, ಒಂದು ವರದಿ ತಂದ್ರು. ಆ ವರದಿಯ ಹೆಸರಲ್ಲೇ ‘ಅನ್‌ಪ್ರೆಸಿಡೆಂಟೆಡ್ ವರ್ಷ’ ಅಂತ ಇತ್ತು.

ಅರ್ಥ ಸರಳ. ಹಿಂದೆಂದೂ ನಡೆಯದ್ದು. ಕನ್ನಡ ಚಾನೆಲ್‌ಗಳ ಭಾಷೆಯಲ್ಲಿ ‘ಅಭೂತಪೂರ್ವ’. ನಮ್ಮಜ್ಜಿಯ ಭಾಷೆಯಲ್ಲಿ ‘ಕಂಡಿಲ್ಲ ಕೇಳಿಲ್ಲ’.

ನಾನು ಬಿಕಾಂ. ನಮಗೆ ಆಡಿಟಿಂಗ್‌ನಲ್ಲಿ ಮೊದಲು ಹೇಳಿಕೊಡೋದು ವೌಚಿಂಗ್. ಪುಸ್ತಕದಲ್ಲಿ ಎಂಟ್ರಿ ಇದ್ರೆ ಸಾಲದು, ಅದರ ಹಿಂದೆ ವೋಚರ್ ಇರಬೇಕು. ‘ಹಿಂದೆಂದೂ ಆಗಿಲ್ಲ’ ಅನ್ನೋದು ಕೂಡ ಒಂದು ಎಂಟ್ರಿ ತಾನೇ? ಹಾಗಾದ್ರೆ ಅದಕ್ಕೆ ವೋಚರ್ ಎಲ್ಲಿ?

ಈ ಸರಣಿ ಅದರ ಬಗ್ಗೆ. ‘ಇಷ್ಟು ಯಾವತ್ತೂ ಆಗಿರಲಿಲ್ಲ’ ಅಂತ ಇಂಗ್ಲಿಷ್ ಮಾತಾಡೋರು ಶತಮಾನಗಳಿಂದ ಹೇಗೆ ಹೇಳಿಕೊಂಡು ಬಂದಿದ್ದಾರೆ, ಯಾವಾಗ ಅದು ನಿಜ, ಯಾವಾಗ ಜಾಹೀರಾತು, ಯಾವಾಗ ಬರೀ ನೆಪ. ಸೇವ್ ಮಾಡಿಟ್ಕೊಳ್ಳಿ, ನಿಧಾನವಾಗಿ ಓದಿ.

ಭಾಗ 2/11

ಮೊದಲು ಪದವನ್ನ ಬಿಚ್ಚೋಣ.

‘ಪ್ರೆಸಿಡೆಂಟ್’ ಅಂದ ತಕ್ಷಣ ರಾಷ್ಟ್ರಪತಿ ಅಂದ್ಕೋಬೇಡಿ, ಅದು ಬೇರೆ ಪದ. ಇದು ಲ್ಯಾಟಿನ್‌ನಿಂದ ಬಂದದ್ದು, ಅರ್ಥ ‘ಮುಂದೆ ಹೋದದ್ದು’, ಅಂದ್ರೆ ನಮಗಿಂತ ಮೊದಲು ನಡೆದದ್ದು. ಇದು ಬೆಳೆದ ಮನೆ ಇಂಗ್ಲೆಂಡಿನ ಕೋರ್ಟು.

ಇಂಗ್ಲೆಂಡಿನಲ್ಲಿ ಕಾನೂನಿನ ದೊಡ್ಡ ಭಾಗ ಯಾವುದೋ ಒಂದು ಗ್ರಂಥದಲ್ಲಿ ಬರೆದಿಟ್ಟದ್ದಲ್ಲ. ನ್ಯಾಯಾಧೀಶರು ಹಿಂದಿನ ಕೇಸ್‌ಗಳಲ್ಲಿ ಏನು ತೀರ್ಮಾನ ಕೊಟ್ಟಿದ್ದಾರೋ ಅದೇ ಮುಂದಿನ ಕೇಸಿಗೆ ದಾರಿ. ಅದಕ್ಕೇ ಕಾಮನ್ ಲಾ ಅನ್ನೋದು. 13ನೇ ಶತಮಾನದ ಕೊನೆಯಿಂದಲೇ ವಾದ ವಿವಾದಗಳನ್ನ ಬರೆದಿಡೋ ‘ಇಯರ್ ಬುಕ್’ಗಳು ಅಲ್ಲಿದ್ದವು. ವಕೀಲ ಎದ್ದು ನಿಂತು ‘ಸ್ವಾಮಿ, ಇಂಥ ಕೇಸ್ ಹಿಂದೆ ಬಂದಿತ್ತು, ಆಗ ಹೀಗೆ ತೀರ್ಪು ಆಗಿತ್ತು’ ಅಂದ್ರೆ ಅವನ ಕೈಯಲ್ಲಿ ಪ್ರೆಸಿಡೆಂಟ್ ಇದೆ ಅಂತ.

ನಮ್ಮ ಬಿಸಿನೆಸ್ ಲಾ ಪಾಠದಲ್ಲಿ ಹಳೇ ಇಂಗ್ಲಿಷ್ ಕೇಸ್‌ಗಳ ಹೆಸರು ಬಾಯಿಪಾಠ ಮಾಡ್ತೀವಲ್ಲ, ಅದು ಈ ಪದ್ಧತಿಯ ಬಳುವಳಿಯೇ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ಕೋರ್ಟ್‌ಗಳಿಗೂ ಅನ್ವಯ ಅಂತ ನಮ್ಮ ಸಂವಿಧಾನದ 141ನೇ ವಿಧಿ ಹೇಳೋದೂ ಅದೇ ಜಾಡಿನಲ್ಲಿ.

‘ಅನ್‌ಪ್ರೆಸಿಡೆಂಟೆಡ್’ ಅನ್ನೋ ಪದ 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತೆ. ಅದರ ಹಿಂದಿದ್ದದ್ದು ಈ ಕೋರ್ಟಿನ ಅರ್ಥ. ‘ಅಬ್ಬಾ ಎಷ್ಟು ದೊಡ್ಡದು’ ಅನ್ನೋ ಉದ್ಗಾರ ಅಲ್ಲ ಅದು. ‘ಹಳೇ ಕಡತ ಎಲ್ಲ ಹುಡುಕಿದ್ದಾಯ್ತು, ಇಂಥದ್ದು ಸಿಗಲಿಲ್ಲ’ ಅನ್ನೋ ವರದಿ. ಕಡತ ಹುಡುಕದವನಿಗೆ ಈ ಪದ ಹೇಳೋ ಹಕ್ಕೇ ಇರಲಿಲ್ಲ ಅನ್ನಬಹುದು.

ಮುಂದಿನ ಪೋಸ್ಟ್‌ನಲ್ಲಿ ನಿಜಕ್ಕೂ ಕಡತದಲ್ಲಿ ಇಲ್ಲದ ಒಂದು ಕೇಸು. ಆರೋಪಿ ಸಾಕ್ಷಾತ್ ರಾಜ.

ಭಾಗ 3/11

ಜನವರಿ 1649, ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಹಾಲ್. ಅಂತರ್ಯುದ್ಧದಲ್ಲಿ ಸೋತ ದೊರೆ ಒಂದನೇ ಚಾರ್ಲ್ಸ್ ಕಟಕಟೆಯಲ್ಲಿ. ಆರೋಪ: ದೇಶದ್ರೋಹ.

ಸಮಸ್ಯೆ ಏನಪ್ಪಾ ಅಂದ್ರೆ, ಇಂಗ್ಲೆಂಡಿನಲ್ಲಿ ನ್ಯಾಯ ನಡೀತಿದ್ದದ್ದೇ ರಾಜನ ಹೆಸರಲ್ಲಿ. ದ್ರೋಹ ಅಂದ್ರೇನೇ ರಾಜನಿಗೆ ಮಾಡೋ ದ್ರೋಹ. ಹಾಗಿರುವಾಗ ರಾಜನನ್ನೇ ವಿಚಾರಣೆ ಮಾಡೋ ಕೋರ್ಟ್ ಯಾವುದು? ಚಾರ್ಲ್ಸ್ ಕೇಳಿದ್ದೂ ಅದನ್ನೇ, ಯಾವ ಅಧಿಕಾರದಿಂದ ನನ್ನನ್ನ ಇಲ್ಲಿ ನಿಲ್ಲಿಸಿದ್ದೀರಿ ಅಂತ. ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಕೋರ್ಟನ್ನೇ ಒಪ್ಪಲಿಲ್ಲ.

ಹಿಂದಿನ ಕಡತ ಹುಡುಕಿದ್ರೆ ಏನು ಸಿಗುತ್ತೆ? ಎರಡನೇ ಎಡ್ವರ್ಡ್, ಎರಡನೇ ರಿಚರ್ಡ್ ಇಬ್ಬರನ್ನೂ ಪಟ್ಟದಿಂದ ಇಳಿಸಿದ್ದರು, ಇಬ್ಬರೂ ಸೆರೆಯಲ್ಲೇ ಸತ್ತರು. ಚಾರ್ಲ್ಸ್‌ನ ಸ್ವಂತ ಅಜ್ಜಿ, ಸ್ಕಾಟ್‌ಲೆಂಡಿನ ರಾಣಿಯಾಗಿದ್ದ ಮೇರಿಯನ್ನ ವಿಚಾರಣೆ ಮಾಡಿ 1587ರಲ್ಲಿ ಇಂಗ್ಲೆಂಡಿನಲ್ಲೇ ತಲೆ ತೆಗೆದಿದ್ದರು. ಆದ್ರೆ ಆಕೆ ಇಂಗ್ಲೆಂಡಿನ ಪಟ್ಟದಲ್ಲಿ ಇದ್ದವಳಲ್ಲ. ಪಟ್ಟದಲ್ಲಿರೋ ಇಂಗ್ಲೆಂಡಿನ ದೊರೆಯನ್ನ ಅವನದೇ ಪ್ರಜೆಗಳು ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದ ಕೋರ್ಟಿನಲ್ಲಿ ವಿಚಾರಣೆ ಮಾಡಿದ್ದು ಅದುವರೆಗೆ ಇರಲಿಲ್ಲ.

59 ಜನ ಮರಣದಂಡನೆಗೆ ಸಹಿ ಹಾಕಿದರು. ಜನವರಿ 30ಕ್ಕೆ ಶಿರಚ್ಛೇದ ಆಯ್ತು.

ಗಮನಿಸಿ, ಇಲ್ಲಿ ‘ಅನ್‌ಪ್ರೆಸಿಡೆಂಟೆಡ್’ ಅನ್ನೋಕೆ ವೋಚರ್ ಇದೆ. ಹತ್ತಿರದ ಮೂರು ಉದಾಹರಣೆ ಎತ್ತಿಕೊಂಡು, ಪ್ರತಿಯೊಂದೂ ಯಾಕೆ ಬೇರೆ ಅಂತ ತೋರಿಸಬಹುದು.

ಇನ್ನೊಂದು ವಿಷಯ. ಹಿಂದೆಂದೂ ಆಗದ್ದು ಒಂದ್ಸಲ ಆಗಿಬಿಟ್ರೆ ಮಾರನೇ ದಿನದಿಂದ ಅದೇ ಪ್ರೆಸಿಡೆಂಟ್. 1790ರ ದಶಕದಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಗೂ ಅದೇ ಗತಿ ಬಂತು. ಅವನು ಚಾರ್ಲ್ಸ್‌ನ ಚರಿತ್ರೆಯನ್ನ ಆಸಕ್ತಿಯಿಂದ ಓದಿಕೊಂಡಿದ್ದವನು. ಓದಿದ್ದು ಅವನನ್ನ ಉಳಿಸಲಿಲ್ಲ, ಆ ಮಾತು ಬೇರೆ.

ಭಾಗ 4/11

ಈಗ ಕೋರ್ಟಿನಿಂದ ಬೀದಿಗೆ ಬರೋಣ. ಮಾಮೂಲಿ ಜನ ‘ತುಂಬಾ’ ಅನ್ನೋಕೆ ಏನು ಬಳಸ್ತಿದ್ರು?

‘ವೆರಿ’. ನಾವು ಎಲ್‌ಕೆಜಿಯಲ್ಲೇ ಕಲಿತ ಪದ. ಇದು ಹಳೇ ಫ್ರೆಂಚ್‌ನಿಂದ ಬಂದದ್ದು, ಮೂಲ ಲ್ಯಾಟಿನ್. ಆಗ ಅರ್ಥ ‘ನಿಜವಾದ’. 14ನೇ ಶತಮಾನದ ಕೊನೆಯಲ್ಲಿ ಚಾಸರ್ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಒಬ್ಬ ಯೋಧನನ್ನ ವರ್ಣಿಸುವಾಗ ಈ ಪದ ಬಳಸ್ತಾನೆ. ಅಲ್ಲಿ ಅದು ‘ತುಂಬಾ’ ಅಲ್ಲ, ‘ನಿಜವಾದ’ ಯೋಧ ಅಂತ. ಕಾಲ ಕಳೆದಂತೆ ‘ನಿಜ’ ಸವೆದು ‘ತುಂಬಾ’ ಆಯ್ತು.

ಆಮೇಲೆ ಆ ಜಾಗಕ್ಕೆ ‘ಟ್ರೂಲಿ’, ‘ರಿಯಲಿ’ ಬಂದ್ವು. ಅವೂ ‘ನಿಜವಾಗಿ’ ಅಂತಲೇ. ಅವೂ ಸವೆದವು. ‘ಲಿಟರಲಿ’ ಅಂದ್ರೆ ‘ಅಕ್ಷರಶಃ’. ‘ಲಿಟರಲಿ ಸತ್ತೋದೆ ಮಗಾ’ ಅಂತ ಗ್ರೂಪ್‌ನಲ್ಲಿ ಬದುಕಿರೋರೇ ಟೈಪ್ ಮಾಡ್ತಾರಲ್ಲ, ಅದು ನಮ್ಮ ಪೀಳಿಗೆ ಹಾಳು ಮಾಡಿದ್ದು ಅಂತ ಬೈತಾರೆ. ಸುಳ್ಳು. 1769ರಲ್ಲೇ ಫ್ರಾನ್ಸಿಸ್ ಬ್ರೂಕ್ ಅನ್ನೋ ಲೇಖಕಿಯ ಕಾದಂಬರಿಯಲ್ಲಿ ‘ಲಿಟರಲಿ’ ಹೀಗೆ ಅಕ್ಷರಶಃ ಅಲ್ಲದ ಮಾತಿಗೆ ಬಂದಿದೆ.

ಇನ್ನೊಂದು ಗುಂಪು ಭಯದ ಪದಗಳದ್ದು. ‘ಆಫುಲ್’ ಅಂದ್ರೆ ದೇವರ ಮುಂದೆ ನಿಂತಾಗ ಬರೋ ಭಯಭಕ್ತಿ ಹುಟ್ಟಿಸೋದು. ‘ಟೆರಿಫಿಕ್’ ಅಂದ್ರೆ ನಡುಕ ಹುಟ್ಟಿಸೋದು. ಈಗ ‘ಟೆರಿಫಿಕ್ ಕಾಫಿ’ ಅಂದ್ರೆ ಯಾರೂ ನಡುಗಲ್ಲ. ‘ಆಫುಲಿ ನೈಸ್’ ಅಂದ್ರೆ ತುಂಬಾ ಚೆನ್ನಾಗಿದೆ ಅಂತ.

ಕನ್ನಡದಲ್ಲೂ ಇದೇ ಆಟ ಅಲ್ವಾ? ‘ಭಯಂಕರ ಚೆನ್ನಾಗಿದೆ’, ‘ಸಿಕ್ಕಾಪಟ್ಟೆ ಮಜಾ’, ‘ಬೆಂಕಿ ಸಾಂಗು’. ಬೆಂಕಿ ಎಲ್ಲೂ ಹತ್ತಿಲ್ಲ.

ಮನುಷ್ಯನಿಗೆ ಎರಡು ಭಾವನೆ ತುಂಬಾ ತೂಕದ್ದು: ಸತ್ಯ ಮತ್ತು ಭಯ. ಅದಕ್ಕೇ ಒತ್ತು ಕೊಡಬೇಕಾದಾಗ ಆ ಪೆಟ್ಟಿಗೆಗಳಿಗೇ ಕೈ ಹಾಕ್ತೀವಿ. ದಿನಾ ತೆಗೆದು ಖರ್ಚು ಮಾಡಿದ್ರೆ ಹಣದುಬ್ಬರದಲ್ಲಿ ನೋಟಿಗೆ ಆಗೋದೇ ಪದಕ್ಕೂ ಆಗುತ್ತೆ.

ಭಾಗ 5/11

ಪದಗಳ ಬೆಲೆ ಇಳೀತಿದೆ ಅಂತ ಗೊಣಗಿದವರೂ ಹಿಂದೆಯೇ ಇದ್ದರು.

ಷೇಕ್ಸ್‌ಪಿಯರ್ ಕಾಲದಲ್ಲಿ ಒಂದು ಸೂಪರ್ಲೇಟಿವ್ ಸಾಲದೇ ಹೋದ್ರೆ ಎರಡನ್ನ ಒಟ್ಟಿಗೆ ಹಾಕ್ತಿದ್ದರು. ‘ಮೋಸ್ಟ್’ ಜೊತೆಗೆ ‘ಎಸ್ಟ್’ ಕೂಡ. ಅವನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ, ಸೀಸರ್‌ನ ಹೆಣದ ಮುಂದೆ ನಿಂತು ಬ್ರೂಟಸ್‌ನ ಇರಿತದ ಬಗ್ಗೆ ಮಾತಾಡುವಾಗ ಆಂಟನಿ ಬಳಸೋದು ಅಂಥದ್ದೇ ಡಬಲ್ ರೂಪ. ಗೆಳೆಯನೇ ಇರಿದಾಗ ಒಂದು ಸೂಪರ್ಲೇಟಿವ್ ಸಾಕಾಗಲ್ಲ ಅನ್ನೋದು ಅಲ್ಲಿನ ಭಾವ. ಈಗ ಪರೀಕ್ಷೆಯಲ್ಲಿ ಹಾಗೆ ಬರೆದ್ರೆ ಮೇಷ್ಟ್ರು ಕೆಂಪು ಪೆನ್ನು ತಗೋತಾರೆ. ಆ ಕೆಂಪು ಪೆನ್ನಿನ ಹಿಂದೆ ಇರೋರಲ್ಲಿ ಒಬ್ಬರು ರಾಬರ್ಟ್ ಲೌತ್. 1762ರಲ್ಲಿ ಬಂದ ಅವರ ವ್ಯಾಕರಣ ಪುಸ್ತಕ ಡಬಲ್ ಸೂಪರ್ಲೇಟಿವ್ ಸರಿಯಲ್ಲ ಅಂತ ಹೇಳಿತು.

ಅದಕ್ಕೂ ಸ್ವಲ್ಪ ಮೊದಲು, 1754ರಲ್ಲಿ, ಲಾರ್ಡ್ ಚೆಸ್ಟರ್‌ಫೀಲ್ಡ್ ‘ದಿ ವರ್ಲ್ಡ್’ ಪತ್ರಿಕೆಯಲ್ಲಿ ‘ವಾಸ್ಟ್‌ಲಿ’ ಅನ್ನೋ ಪದದ ಫ್ಯಾಶನ್ನನ್ನ ಗೇಲಿ ಮಾಡಿದ. ವಾಸ್ಟ್ ಅಂದ್ರೆ ವಿಶಾಲ. ಆದ್ರೆ ಒಬ್ಬ ಮಹಿಳೆ ಪುಟ್ಟ ನಶ್ಯದ ಡಬ್ಬಿ ನೋಡಿ, ಅದು ‘ವಿಶಾಲವಾಗಿ ಚಿಕ್ಕದು’, ಅದಕ್ಕೇ ‘ವಿಶಾಲವಾಗಿ ಮುದ್ದಾಗಿದೆ’ ಅನ್ನೋ ಅರ್ಥದಲ್ಲಿ ಹೊಗಳಿದಳಂತೆ. ಹೆಂಗಸರ ಮಾತನ್ನ ಆಡಿಕೊಳ್ಳೋದು ಆ ಕಾಲದ ದೊಡ್ಡ ಮನುಷ್ಯರ ಚಟ ಅನ್ನೋದನ್ನೂ ನೆನಪಲ್ಲಿಡಿ. ಗಂಡಸರೇನೂ ಕಡಿಮೆ ಉತ್ಪ್ರೇಕ್ಷೆ ಮಾಡ್ತಿರಲಿಲ್ಲ.

ಜೇನ್ ಆಸ್ಟಿನ್ ಇದೇ ಚಟವನ್ನ ‘ನಾರ್ಥ್ಯಾಂಗರ್ ಅಬ್ಬಿ’ ಕಾದಂಬರಿಯಲ್ಲಿ ಚೆನ್ನಾಗಿ ಹಿಡಿದಿದ್ದಾಳೆ. ಹೆನ್ರಿ ಅನ್ನೋ ಯುವಕ, ಹುಡುಗಿ ‘ನೈಸ್’, ‘ಅಮೇಜಿಂಗ್ಲಿ’ ಅಂದ್ರೆ ಸಾಕು ಕಾಲೆಳೀತಾನೆ. ಅವನ ತಂಗಿ ಅವನಿಗೇ ತಿರುಗಿಸಿ ಬಾರಿಸ್ತಾಳೆ. ಕಾದಂಬರಿ ಬಂದು 200 ವರ್ಷ ದಾಟಿತು, ‘ಅಮೇಜಿಂಗ್’ ಇನ್ನೂ ನಮ್ಮ ಕಾಮೆಂಟ್ ಬಾಕ್ಸ್‌ನಲ್ಲಿ ಆರಾಮಾಗಿದೆ.

ಇಲ್ಲೀವರೆಗೆ ಇದೆಲ್ಲ ಮಾತಿನ ಸೊಗಸು, ಯಾರಿಗೂ ನಷ್ಟ ಇಲ್ಲ. ಆದ್ರೆ 19ನೇ ಶತಮಾನದಲ್ಲಿ ಈ ಪದಗಳಿಗೆ ಟಿಕೆಟ್ ದರ ಅಂಟಿಕೊಳ್ತು.

ಭಾಗ 6/11

‘ದಿ ಗ್ರೇಟೆಸ್ಟ್ ಶೋಮ್ಯಾನ್’ ಸಿನಿಮಾ ನೋಡಿದ್ದೀರಲ್ಲ? ಅದರ ನಾಯಕ ಅಮೆರಿಕದ ನಿಜವಾದ ವ್ಯಕ್ತಿ, ಪಿ. ಟಿ. ಬಾರ್ನಮ್. ಸಿನಿಮಾದಲ್ಲಿರೋಷ್ಟು ಒಳ್ಳೆಯವನೇನಲ್ಲ. ಮನುಷ್ಯರನ್ನೇ ಪ್ರದರ್ಶನಕ್ಕಿಟ್ಟು ದುಡ್ಡು ಮಾಡಿದವನು. ಅವನ ಸರ್ಕಸ್ಸಿನ ಘೋಷವಾಕ್ಯ ‘ಭೂಮಿಯ ಮೇಲಿನ ಅತಿ ಶ್ರೇಷ್ಠ ಪ್ರದರ್ಶನ’.

1882ರಲ್ಲಿ ಅವನು ಲಂಡನ್ ಝೂನಿಂದ ಒಂದು ಆಫ್ರಿಕನ್ ಆನೆಯನ್ನ 10,000 ಡಾಲರ್‌ಗೆ ಕೊಂಡ. ಹೆಸರು ಜಂಬೋ. ಲಂಡನ್‌ನಲ್ಲಿ ದೊಡ್ಡ ಗಲಾಟೆಯೇ ಆಯ್ತು. ಆ ಆನೆಯ ಬೆನ್ನೇರಿ ಸವಾರಿ ಮಾಡಿದ್ದ ಮಕ್ಕಳು ಕಳಿಸಬೇಡಿ ಅಂತ ರಾಣಿ ವಿಕ್ಟೋರಿಯಾಗೇ ಪತ್ರ ಬರೆದ್ರು. ಬಾರ್ನಮ್‌ಗೆ ಅದೂ ಫ್ರೀ ಪಬ್ಲಿಸಿಟಿ. ಅಮೆರಿಕದಲ್ಲಿ ‘ಇಷ್ಟು ದೊಡ್ಡ ಆನೆ ಹಿಂದೆಂದೂ ಇರಲಿಲ್ಲ’ ಅನ್ನೋ ಧಾಟಿಯಲ್ಲಿ ಡಂಗುರ ಹೊಡೆಸಿದ. 1885ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಸೇಂಟ್ ಥಾಮಸ್ ಅನ್ನೋ ಊರಲ್ಲಿ ರೈಲು ಬಡಿದು ಜಂಬೋ ಸತ್ತಿತು.

ಆನೆ ಹೋಯ್ತು, ಹೆಸರು ಉಳೀತು. ಜಂಬೋ ಪ್ಯಾಕ್, ಜಂಬೋ ಸೈಜ್, ಬೋಯಿಂಗ್ 747ಕ್ಕೆ ಜಂಬೋ ಜೆಟ್. ಆಮೇಲೆ ಅದೇ ಹೆಸರು ನಮ್ಮ ಬೆಂಗಳೂರಿಗೂ ಬಂತು. ಹೌದು, ಅನಿಲ್ ಕುಂಬ್ಳೆ. ಆಫ್ರಿಕದ ಒಂದು ಬಡಪಾಯಿ ಆನೆಯಿಂದ ಬಸವನಗುಡಿ ಹುಡುಗರ ಬಾಯಿವರೆಗೆ ಒಂದು ಪದದ ಪ್ರಯಾಣ ನೋಡಿ.

ಬಾರ್ನಮ್ ಹೊಸದಾಗಿ ಮಾಡಿದ್ದು ಏನು? ‘ಹಿಂದೆಂದೂ ಇಲ್ಲದ್ದು’ ಅನ್ನೋದನ್ನ ಸರಕಾಗಿ ಮಾರಿದ. ಕೋರ್ಟಿನಲ್ಲಿ ವಕೀಲ ಹಾಗಂದ್ರೆ ಎದುರು ವಕೀಲ ಹಳೇ ಕಡತ ತಂದು ಸುಳ್ಳು ಮಾಡಬಹುದು. ಸರ್ಕಸ್ ಪೋಸ್ಟರ್‌ಗೆ ಎದುರು ವಕೀಲ ಇಲ್ಲ. ಟಿಕೆಟ್ ಕೊಂಡು ಒಳಗೆ ಹೋದ ಮೇಲೆ ಯಾರು ಅಳತೆ ಪಟ್ಟಿ ಹಿಡೀತಾರೆ?

‘ಹಿಂದೆಂದೂ ಇಲ್ಲದ ರಿಯಾಯಿತಿ’ ಅನ್ನೋ ಸೇಲ್ ಬ್ಯಾನರ್ ವರ್ಷಕ್ಕೆ ನಾಲ್ಕು ಸಲ ಕಾಣಿಸಿದ್ರೆ, ಅದು ಬಾರ್ನಮ್‌ನ ಮೊಮ್ಮಗ ಅಂದ್ಕೊಳ್ಳಿ.

ಭಾಗ 7/11

ಆದ್ರೆ ಅಳತೆ ಪಟ್ಟಿ ಹಿಡಿದವರೂ ಇಂಗ್ಲಿಷ್ ಮಾತಾಡೋರೇ. ಅದನ್ನೂ ಹೇಳಬೇಕು.

1951ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್‌ನಲ್ಲಿ ಬೇಟೆಗೆ ಹೋಗಿದ್ದ ಹ್ಯೂ ಬೀವರ್ ಅನ್ನೋರಿಗೆ ಒಂದು ವಾದ ಹತ್ತಿಕೊಳ್ತು: ಬೇಟೆಯಾಡೋ ಹಕ್ಕಿಗಳಲ್ಲಿ ಯುರೋಪಿನಲ್ಲೇ ಅತಿ ವೇಗದ್ದು ಯಾವುದು? ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಆತ ಗಿನ್ನೆಸ್ ಬಿಯರ್ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್. ಪಬ್ಬುಗಳಲ್ಲಿ ದಿನಾ ಇಂಥ ಜಗಳ ನಡೀತಿರುತ್ತೆ, ಅದನ್ನ ತೀರಿಸೋ ಪುಸ್ತಕ ಇದ್ರೆ? ಅವಳಿ ಸೋದರರಾದ ಮೆಕ್‌ವರ್ಟರ್‌ಗಳು ಕೂತು ಅದನ್ನ ಸಿದ್ಧ ಮಾಡಿದ್ರು. 1955ರ ಆಗಸ್ಟ್‌ನಲ್ಲಿ ಮೊದಲ ಗಿನ್ನೆಸ್ ಬುಕ್ ಹೊರಬಂತು.

ಕ್ರಿಕೆಟ್‌ನಲ್ಲಿ ಈ ಕೆಲಸ ಇನ್ನೂ ಹಳೇದು. ವಿಸ್ಡನ್ ವಾರ್ಷಿಕ 1864ರಿಂದ ಬರ್ತಿದೆ. ಇಂಥ ಲೆಕ್ಕ ಇರೋದರಿಂದಲೇ ನಮ್ಮ ಜಂಬೋ ಕಥೆಯನ್ನ ಸರಿಯಾಗಿ ಹೇಳೋಕೆ ಆಗೋದು.

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ. ಪಾಕಿಸ್ತಾನದ ಎರಡನೇ ಇನ್ನಿಂಗ್ಸ್. ಕುಂಬ್ಳೆ 74 ರನ್ ಕೊಟ್ಟು ಹತ್ತಕ್ಕೆ ಹತ್ತೂ ವಿಕೆಟ್. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡ್ತಿದ್ದ ನಮ್ಮದೇ ಜಾವಗಲ್ ಶ್ರೀನಾಥ್, ಎಲ್ಲಿ ವಿಕೆಟ್ ಬಿದ್ದುಬಿಡುತ್ತೋ ಅಂತ ಬೇಕೆಂದೇ ಸ್ಟಂಪ್‌ನಿಂದ ದೂರ ಹಾಕಿದ್ರು.

ಇದು ಅನ್‌ಪ್ರೆಸಿಡೆಂಟೆಡ್ ಆ? ಅಲ್ಲ! 1956ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಆಸ್ಟ್ರೇಲಿಯಾ ಮೇಲೆ 53 ರನ್‌ಗೆ 10 ತಗೊಂಡಿದ್ದ. 2021ರಲ್ಲಿ ಮುಂಬೈನಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಮೂರನೆಯವನಾದ.

ಕುಂಬ್ಳೆ ಎರಡನೆಯವರು ಅಂದ ತಕ್ಷಣ ಸಾಧನೆ ಸಣ್ಣದಾಯ್ತಾ? ನನಗಂತೂ ಹಾಗನ್ನಿಸಲ್ಲ. ‘43 ವರ್ಷದಲ್ಲಿ ಮೊದಲ ಸಲ’ ಅನ್ನೋದು ‘ಅಭೂತಪೂರ್ವ’ಕ್ಕಿಂತ ಗಟ್ಟಿ ಮಾತು. ಮೊದಲನೆಯದನ್ನ ಕೇಳಿದ ಮೇಲೇ ಎರಡನೆಯದು ಎಷ್ಟು ಅಪರೂಪ ಅಂತ ಗೊತ್ತಾಗೋದು.

ಭಾಗ 8/11

ಆಟದಿಂದ ಈಗ ಯುದ್ಧಕ್ಕೆ. ಇಲ್ಲಿ ಪದದ ಬೆಲೆ ಪ್ರಾಣ.

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಅದನ್ನ ‘ದಿ ಗ್ರೇಟ್ ವಾರ್’ ಅಂದ್ರು. ಮಹಾಯುದ್ಧ. ಹಿಂದೆಂದೂ ಇಂಥದ್ದು ಇಲ್ಲ ಅನ್ನೋ ಭಾವ. ತಮಾಷೆ ಅಂದ್ರೆ ಆ ಹೆಸರು ಕೂಡ ಸೆಕೆಂಡ್ ಹ್ಯಾಂಡ್. ಅದಕ್ಕೆ ಮೊದಲು ಫ್ರಾನ್ಸ್ ಮತ್ತು ನೆಪೋಲಿಯನ್ ವಿರುದ್ಧ 1815ರವರೆಗೆ ನಡೆದ ಯುದ್ಧಗಳನ್ನೂ ಬ್ರಿಟನ್‌ನಲ್ಲಿ ‘ಗ್ರೇಟ್ ವಾರ್’ ಅಂತ ಕರೀತಿದ್ದರು.

ಅದೇ 1914ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ಒಂದು ಪುಸ್ತಕ ತಂದ. ಶೀರ್ಷಿಕೆಯ ಅರ್ಥ: ಯುದ್ಧವನ್ನೇ ಮುಗಿಸುವ ಯುದ್ಧ. ಹಿಂದೆ ಇರಲಿಲ್ಲ ಅನ್ನೋದು ಮಾತ್ರ ಅಲ್ಲ, ಮುಂದೆಯೂ ಇರಲ್ಲ ಅನ್ನೋ ಭರವಸೆ. ನಮ್ಮಲ್ಲಿ ಹೇಳೋ ‘ನ ಭೂತೋ ನ ಭವಿಷ್ಯತಿ’.

90 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಆ ಯುದ್ಧಕ್ಕೆ ನಮ್ಮೋರೂ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನ್‌ನ ಹೈಫಾ ಪಟ್ಟಣವನ್ನ ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಬಸ್ಸಲ್ಲಿ ಹೋಗುವಾಗ ನೋಡಿರ್ತೀರಿ, ಏನು ಅಂತ ಯೋಚಿಸಿರಲ್ಲ.

1920ರಲ್ಲಿ ರೆಪಿಂಗ್ಟನ್ ಅನ್ನೋ ಬ್ರಿಟಿಷ್ ಯುದ್ಧ ವರದಿಗಾರ ತನ್ನ ಪುಸ್ತಕಕ್ಕೆ ‘ದಿ ಫಸ್ಟ್ ವರ್ಲ್ಡ್ ವಾರ್’ ಅಂತ ಹೆಸರಿಟ್ಟ. ಎರಡನೆಯದು ಶುರುವಾಗೋಕೆ ಇನ್ನೂ 19 ವರ್ಷ ಇತ್ತು! ‘ಮೊದಲನೆಯದು’ ಅನ್ನೋ ಪದ ಎಷ್ಟು ತಣ್ಣಗಿದೆ ನೋಡಿ. ಲೆಕ್ಕದ ಪುಸ್ತಕದಲ್ಲಿ ಕ್ರಮಸಂಖ್ಯೆ 1 ಅಂತ ಬರೆದ ಹಾಗೆ. ಬರೆದವನಿಗೆ ಕೆಳಗೆ 2 ಬರಬಹುದು ಅನ್ನೋ ಸಂಶಯ ಇರುತ್ತೆ.

‘ಗ್ರೇಟ್’ ಅಂದವರು ಗಾತ್ರ ನೋಡಿದ್ರು. ‘ಫಸ್ಟ್’ ಅಂದವನು ಸಾಲನ್ನ ನೋಡಿದ. 1939ಕ್ಕೆ ಯಾರು ಸರಿ ಅಂತ ಗೊತ್ತಾಯ್ತು.

ಭಾಗ 9/11

ಕಾಮರ್ಸ್ ಗೆಳೆಯರೇ, ಈ ಪೋಸ್ಟ್ ನಮಗೆ.

2007ರ ಆಗಸ್ಟ್. ಅಮೆರಿಕದ ಗೃಹಸಾಲದ ಗುಳ್ಳೆ ಒಡೆಯೋಕೆ ಶುರು. ಗೋಲ್ಡ್‌ಮನ್ ಸ್ಯಾಕ್ಸ್‌ನ ಹಣಕಾಸು ಮುಖ್ಯಸ್ಥ ಡೇವಿಡ್ ವಿನಿಯರ್ ಪತ್ರಿಕೆಗೆ ಹೇಳಿದ್ದರ ಸಾರ: ಸತತ ಹಲವು ದಿನ ‘25 ಸ್ಟ್ಯಾಂಡರ್ಡ್ ಡೀವಿಯೇಷನ್’ ಏರಿಳಿತ ನೋಡ್ತಿದ್ದೀವಿ.

ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದೋರಿಗೆ ಗೊತ್ತು. ನಾರ್ಮಲ್ ಕರ್ವ್‌ನಲ್ಲಿ 3 ಡೀವಿಯೇಷನ್ ದಾಟೋದೇ ಅಪರೂಪ. 25 ಅಂದ್ರೆ ವಿಶ್ವ ಹುಟ್ಟಿದಾಗಿನಿಂದ ದಿನಾ ಕಾದು ಕೂತರೂ ಒಮ್ಮೆ ನೋಡೋ ಆಸೆ ಇಟ್ಕೋಬಾರದು. ಅಂಥದ್ದು ಸತತವಾಗಿ ಬಂತು ಅಂದ್ರೆ ಎರಡೇ ಸಾಧ್ಯತೆ: ಒಂದೋ ಪವಾಡ, ಇಲ್ಲ ಲೆಕ್ಕ ಹಾಕಿದ ಮಾಡೆಲ್ಲೇ ತಪ್ಪು. ಉತ್ತರ ಯಾವುದು ಅಂತ ಹೇಳಬೇಕಿಲ್ಲ.

2008ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಅಲನ್ ಗ್ರೀನ್‌ಸ್ಪ್ಯಾನ್, ಇದು ಶತಮಾನಕ್ಕೊಮ್ಮೆ ಬರೋ ಸುನಾಮಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು. 1929ರ ಕುಸಿತಕ್ಕೆ ಆಗ ಇನ್ನೂ 80 ವರ್ಷ ತುಂಬಿರಲಿಲ್ಲ.

ಅದೇ ವರ್ಷದ ನವೆಂಬರ್ 5ರಂದು ರಾಣಿ ಎರಡನೇ ಎಲಿಜಬೆತ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದಾಗ ಒಂದು ಪ್ರಶ್ನೆ ಕೇಳಿದ್ರು: ಇದು ಬರ್ತಿರೋದು ಯಾರಿಗೂ ಯಾಕೆ ಕಾಣಲಿಲ್ಲ? 2009ರ ಜುಲೈನಲ್ಲಿ ಬ್ರಿಟಿಷ್ ಅಕಾಡೆಮಿಯ ವಿದ್ವಾಂಸರು ಉತ್ತರ ಬರೆದ್ರು. ಬುದ್ಧಿವಂತರೆಲ್ಲ ಸೇರಿ ಕಲ್ಪನೆಯಲ್ಲಿ ಸೋತೆವು ಅನ್ನೋದು ಅದರ ತಾತ್ಪರ್ಯ.

ಅದೇ 2009ರಲ್ಲಿ ರೈನ್‌ಹಾರ್ಟ್ ಮತ್ತು ರೋಗಾಫ್ ಅನ್ನೋ ಅರ್ಥಶಾಸ್ತ್ರಜ್ಞರ ಪುಸ್ತಕ ಬಂತು. ಎಂಟು ಶತಮಾನಗಳ ಹಣಕಾಸು ಹುಚ್ಚಾಟಗಳ ಲೆಕ್ಕ. ಪುಸ್ತಕದ ಹೆಸರಿನ ಅರ್ಥ: ಈ ಸಲ ಬೇರೆ. ಪ್ರತಿ ಗುಳ್ಳೆಯಲ್ಲೂ ಜನ ಹೇಳಿಕೊಂಡ ಮಾತು ಅದೇ ಅಂತ. ಏರುವಾಗ ‘ಹಿಂದೆಂದೂ ಇಲ್ಲದ ಲಾಭ’. ಬಿದ್ದಾಗ ‘ಹಿಂದೆಂದೂ ಇಲ್ಲದ ವಿಪತ್ತು’. ಎರಡೂ ಸಲ ಹಳೇ ಲೆಡ್ಜರ್ ತೆಗೆದು ನೋಡೋ ಶ್ರಮ ತಪ್ಪಿತು. ಮನೆ ಕಳಕೊಂಡವರು ಮಾತ್ರ ಬೇರೆ ಜನ.

ಭಾಗ 10/11

ಈಗ ಮತ್ತೆ 2020ಕ್ಕೆ, ವೋಚರ್ ಹಿಡಿದು.

ಮಹಾಮಾರಿ ಅನ್‌ಪ್ರೆಸಿಡೆಂಟೆಡ್ ಆಗಿತ್ತಾ? 1918ರ ಇನ್‌ಫ್ಲುಯೆಂಝಾ ನೋಡಿ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಸತ್ತರು. ಭಾರತವೊಂದರಲ್ಲೇ 1 ಕೋಟಿಗೂ ಮೀರಿ. ನಮ್ಮ ಜನಗಣತಿಯ ಇತಿಹಾಸದಲ್ಲಿ ದೇಶದ ಜನಸಂಖ್ಯೆ ಇಳಿದದ್ದು ಒಂದೇ ದಶಕದಲ್ಲಿ, 1911ರಿಂದ 1921. ಆಗಲೂ ಹಲವು ದೇಶಗಳಲ್ಲಿ ಶಾಲೆ, ನಾಟಕಮಂದಿರ ಮುಚ್ಚಿದ್ರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ಕಡ್ಡಾಯ ಮಾಡಿದ್ರು, ಮಾಸ್ಕ್ ಬೇಡ ಅಂತ ಒಂದು ಸಂಘವೂ ಹುಟ್ಟಿತ್ತು!

ಇನ್ನೂ ಹತ್ತಿರ ಬನ್ನಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನ ಹೊರಗೆ, ಗಾಳಿ ಬೆಳಕಿರೋ ಜಾಗಕ್ಕೆ ಕಳಿಸೋಕೆ ಬೆಳೆಸಿದ ಬಡಾವಣೆಗಳೇ ಮಲ್ಲೇಶ್ವರ ಮತ್ತು ಬಸವನಗುಡಿ. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅನ್ನೋ ಗುಡಿಗಳು ನಮ್ಮ ಊರುಗಳಲ್ಲಿ ಇವತ್ತಿಗೂ ಇವೆ. ಅವೂ ಒಂಥರಾ ವೋಚರೇ.

ದೊಡ್ಡ ವೋಚರ್ ಇನ್ನೊಂದಿದೆ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯವೂ ಸೇರಿ ಸರ್ಕಾರಗಳು ನಿರ್ಬಂಧ ಹೇರೋಕೆ ಬಳಸಿದ ಕಾನೂನು ಯಾವುದು? 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬಾಂಬೆ ಪ್ಲೇಗ್ ಕಾಲದಲ್ಲಿ ಬ್ರಿಟಿಷರು ಮಾಡಿದ್ದು. ಬಾಯಲ್ಲಿ ‘ಅಭೂತಪೂರ್ವ’, ಕೈಯಲ್ಲಿ 123 ವರ್ಷ ಹಳೇ ಕಾಯ್ದೆ.

ಹಾಗಂತ 2020ರಲ್ಲಿ ಹೊಸದೇನೂ ಇರಲಿಲ್ಲ ಅಂತಲ್ಲ. ಮಾರ್ಚ್ 20ರಂದು ಬ್ರಿಟನ್‌ನ ಅಂದಿನ ಹಣಕಾಸು ಸಚಿವ ರಿಷಿ ಸುನಕ್, ಕೆಲಸವಿಲ್ಲದೆ ಕೂತವರ ಸಂಬಳದ ಶೇ. 80ರಷ್ಟನ್ನ, ತಿಂಗಳಿಗೆ 2,500 ಪೌಂಡ್‌ವರೆಗೆ, ಸರ್ಕಾರವೇ ಕೊಡುತ್ತೆ ಅಂದ್ರು. ತಮ್ಮ ಇತಿಹಾಸದಲ್ಲೇ ಮೊದಲ ಸಲ ಅಂತಲೂ ಸೇರಿಸಿದ್ರು. ಯಾವ ದೇಶ, ಯಾವ ಕ್ರಮ, ಎಷ್ಟು ಮೊತ್ತ, ಎಲ್ಲ ಆ ಮಾತಿನಲ್ಲಿದೆ. ಬೇಕಾದವರು ಹಳೇ ಬಜೆಟ್ ತೆಗೆದು ಪರಿಶೀಲಿಸಬಹುದು. ಎಂಟ್ರಿ ಬರೆಯೋದು ಹೀಗೆ.

ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ‘ಹಿಂದೆಂದೂ ಆಗಿಲ್ಲ’ ಅಂದ್ರೆ ‘ಹಾಗಾಗಿ ತಯಾರಿ ಇರಲಿಲ್ಲ, ನಮ್ಮನ್ನ ಕೇಳಬೇಡಿ’ ಅನ್ನೋದೂ ಅದರ ಜೊತೆಗೇ ಬರುತ್ತೆ. ಹಿಂದೆ ಆಗಿತ್ತು ಅಂತ ಗೊತ್ತಾದ್ರೆ ಪ್ರಶ್ನೆ ತಿರುಗುತ್ತೆ: ಹಾಗಾದ್ರೆ ಆಕ್ಸಿಜನ್ ಯಾಕೆ ಸಾಲಲಿಲ್ಲ? ಬೆಡ್ ಯಾಕೆ ಇರಲಿಲ್ಲ? ಇನ್ನೊಂದು ಮಾತು: 1918ರಲ್ಲಿ ಹೋದ ಆ ಕೋಟಿ ಜನರನ್ನ, ಒಂದು ಪದ ಹೇಳಿ ನಾವು ಎರಡನೇ ಸಲ ಮರೆತ ಹಾಗೆ.

ಭಾಗ 11/11

ಹಾಗಾದ್ರೆ ಈ ಪದ ಬಿಟ್ಟುಬಿಡಬೇಕಾ? ಬೇಡ. ಬೇಕಾದಾಗ ಕೈಗೆ ಸಿಗಲಿ ಅಂತಲೇ ಜೋಪಾನ ಮಾಡಬೇಕು.

2022ರ ಜುಲೈ 19. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ ತಾಪಮಾನ 40.3 ಡಿಗ್ರಿ. ಕಲಬುರಗಿಯವರು ಓದ್ತಿದ್ರೆ ‘ಇಷ್ಟೇನಾ’ ಅಂತ ನಗಬಹುದು. ನಿಲ್ಲಿ. ಆ ದೇಶದಲ್ಲಿ 40 ದಾಟಿದ್ದು ದಾಖಲೆಯಲ್ಲೇ ಮೊದಲ ಸಲ. ಅದಕ್ಕೆ ಹಿಂದಿನ ದಾಖಲೆ 2019ರಲ್ಲಿ ಕೇಂಬ್ರಿಡ್ಜ್‌ನ 38.7. ದಾಖಲೆಗಳು ಸಾಮಾನ್ಯವಾಗಿ ಕೂದಲೆಳೆಯಲ್ಲಿ ಮುರೀತವೆ, ಇದು 1.6 ಡಿಗ್ರಿ ಜಿಗಿದಿತ್ತು. ಮಧ್ಯ ಇಂಗ್ಲೆಂಡಿನ ತಾಪಮಾನದ ಲೆಕ್ಕ 1659ರಿಂದಲೇ ಇದೆ. ಇಷ್ಟು ಹಳೇ ಪುಸ್ತಕ ಬಿಚ್ಚಿಟ್ಟು ಹವಾಮಾನ ತಜ್ಞರು ‘ಅನ್‌ಪ್ರೆಸಿಡೆಂಟೆಡ್’ ಅಂದ್ರೆ ಅದು 17ನೇ ಶತಮಾನದ ಆ ಕೋರ್ಟಿನ ಅರ್ಥದಲ್ಲೇ. ಹುಡುಕಿದ್ದೀವಿ, ಸಿಗಲಿಲ್ಲ.

ಆದ್ರೆ ಅಷ್ಟರಲ್ಲಿ ಪಿಜ್ಜಾ ಆಫರ್, ಮೊಬೈಲ್ ಸೇಲ್, ಸಿನಿಮಾ ಟ್ರೇಲರ್ ಎಲ್ಲ ಸೇರಿ ಆ ಪದವನ್ನ ಅರೆದು ಹಾಕಿದ್ರೆ, ನಿಜವಾದ ಎಚ್ಚರಿಕೆ ಬಂದ ದಿನ ನಮಗೆ ಕೇಳಿಸೋದು ಇನ್ನೊಂದು ಜಾಹೀರಾತು. ನಷ್ಟ ಇರೋದು ಅಲ್ಲಿ.

ಅದಕ್ಕೇ ಮೂರು ಪ್ರಶ್ನೆ. ಇಂಗ್ಲಿಷ್‌ನಲ್ಲಿ ‘ಅನ್‌ಪ್ರೆಸಿಡೆಂಟೆಡ್’, ‘ಲೈಕ್ ನೆವರ್ ಬಿಫೋರ್’, ‘ಆಲ್ ಟೈಮ್ ಹೈ’ ಬರಲಿ, ಕನ್ನಡದಲ್ಲಿ ‘ಅಭೂತಪೂರ್ವ’, ‘ಇತಿಹಾಸದಲ್ಲೇ ಮೊದಲು’ ಬರಲಿ, ಕೇಳಿ:

ಎಲ್ಲಿ? ಊರಲ್ಲಾ, ದೇಶದಲ್ಲಾ, ಜಗತ್ತಲ್ಲಾ?

ಯಾವಾಗಿಂದ? ಐದು ವರ್ಷದ್ದಾ, ನೂರು ವರ್ಷದ್ದಾ?

ಲೆಕ್ಕ ಇಟ್ಟವರು ಯಾರು?

ಮೂರನೆಯದನ್ನ ಮರೀಬೇಡಿ. ವಿಸ್ಡನ್ ಇದ್ದದ್ದಕ್ಕೆ ಲೇಕರ್ ಉಳಿದ. ಇಯರ್ ಬುಕ್ ಇದ್ದದ್ದಕ್ಕೆ ವಕೀಲ ವಾದ ಮಾಡಿದ. ಲೆಕ್ಕ ಬರೆಯೋರೇ ಇಲ್ಲದ ಕಡೆ ನಡೆದದ್ದು, ಬರೆಯೋಕೆ ಬಾರದವರಿಗೆ ಆದದ್ದು, ‘ಹಿಂದೆ ಆಗಿಲ್ಲ’ ಅನ್ನೋ ಖಾತೆಗೆ ಸುಲಭವಾಗಿ ಹೋಗಿಬಿಡುತ್ತೆ. ಆಗಿರುತ್ತೆ. ಪುಸ್ತಕದಲ್ಲಿ ಇರಲ್ಲ ಅಷ್ಟೆ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ರೆ ಈ ವಾರ ಒಂದು ಪ್ರಶ್ನೆ ಕೇಳಿ: ಅವರ ಚಿಕ್ಕಂದಿನಲ್ಲಿ ಹಿರಿಯರು ಯಾವ ಬರ, ಯಾವ ಜ್ವರ, ಯಾವ ಪ್ರವಾಹದ ಕಥೆ ಹೇಳ್ತಿದ್ರು ಅಂತ. ಊರಿನ ಹೆಸರು, ಅಂದಾಜು ವರ್ಷ ಸಮೇತ ಕಾಮೆಂಟ್‌ನಲ್ಲಿ ಬರೀರಿ. ಹೈಲೈಟ್ಸ್‌ನಲ್ಲಿ ‘ವೋಚರ್’ ಅಂತ ಒಂದು ಫೋಲ್ಡರ್ ಮಾಡಿದ್ದೀನಿ, ಎಲ್ಲ ಅಲ್ಲಿ ಸೇರಿಸ್ತೀನಿ.

#ಕನ್ನಡ #ಇತಿಹಾಸ #ಪದಗಳಕಥೆ #ಅಭೂತಪೂರ್ವ #ಬಿಕಾಂಹುಡುಗರು #ವೋಚರ್‌ಎಲ್ಲಿ